ಓದಿಗೆ ಹಾಕಿದ ಹಣ ಯಾವಾಗ ಮರಳಿ ಬರುತ್ತದೆ?

ಫಲಿತಾಂಶಗಳು ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ ಸುತ್ತ ಇರುತ್ತವೆ. ಐಟಿಐ, ಡಿಪ್ಲೊಮಾ, ನಾಲ್ಕು ವರ್ಷದ ಬಿಇ, ಇವುಗಳಲ್ಲಿ ಮನೆಯ ಹಣವನ್ನು ಯಾವುದಕ್ಕೆ ಹಾಕಬೇಕು ಎಂಬುದು ಪ್ರಶ್ನೆ. ಇಪ್ಪತ್ತೆಂಟು ವರ್ಷ ಐಟಿಐಯಲ್ಲಿ ಫಿಟ್ಟರ್ ವಿಭಾಗದ ತರಬೇತಿ ಅಧಿಕಾರಿಯಾಗಿದ್ದವನಾದ್ದರಿಂದ ಇದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಈ ಬಾರಿ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯು ವಿಜ್ಞಾನದಲ್ಲಿ ಶೇ 61 ಅಂಕ ಪಡೆದಿದ್ದಾನೆ. ಸಿಇಟಿ ರ‍್ಯಾಂಕ್ ಒಂದು ಲಕ್ಷದ ಆಚೆಗಿದೆ. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನವರು ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಹೇಳುತ್ತಿದ್ದಾರೆ. ನಮಗಿರುವುದು ಮೂರು ಎಕರೆ ಒಣಬೇಸಾಯದ ಜಮೀನು, ಮೆಕ್ಕೆಜೋಳ ಬೆಳೆಯುತ್ತೇವೆ. ಸಾಲ ಮಾಡದೆ ಓದಿಸುವುದು ಆಗದ ಮಾತು. ಐಟಿಐ ಮಾಡಿ ಕಾರ್ಖಾನೆಯಲ್ಲಿ ಹದಿನೈದು ವರ್ಷದಿಂದ ಕೆಲಸದಲ್ಲಿರುವ ನನ್ನ ಭಾವಮೈದುನ, ‘ಬಿಇ ಮಾಡಿದ ಹುಡುಗರು ನನ್ನ ಅರ್ಧ ಸಂಬಳಕ್ಕೆ ನಮ್ಮಲ್ಲಿ ಸೇರಿದ್ದಾರೆ, ಇವನನ್ನೂ ಐಟಿಐಗೆ ಸೇರಿಸಿ’ ಎನ್ನುತ್ತಾರೆ. ನನ್ನ ಹೆಂಡತಿಗೆ ಮಗ ಎಂಜಿನಿಯರ್ ಆಗಬೇಕೆಂಬ ಆಸೆ. ಹಣದ ದೃಷ್ಟಿಯಿಂದ ಯಾವುದು ಸರಿ?
— ರಾಣೆಬೆನ್ನೂರು ತಾಲ್ಲೂಕಿನ ಓದುಗರು

ಉತ್ತರ: ಮಾನ್ಯರೇ, ಮೊದಲು ಸಾಲದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡೋಣ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ ಆರು ಲಕ್ಷ ರೂಪಾಯಿಯನ್ನು ಬ್ಯಾಂಕಿನಿಂದ ಶೇ 10ರ ಬಡ್ಡಿಗೆ ಪಡೆಯುತ್ತೀರಿ ಎಂದಿಟ್ಟುಕೊಳ್ಳಿ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷ ಪಡೆದ ಒಂದೂವರೆ ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 75 ಸಾವಿರ, ಎರಡನೆಯ ವರ್ಷದ್ದಕ್ಕೆ 60 ಸಾವಿರ, ಮೂರನೆಯದಕ್ಕೆ 45 ಸಾವಿರ, ನಾಲ್ಕನೆಯದಕ್ಕೆ 30 ಸಾವಿರ. ಒಟ್ಟು 2 ಲಕ್ಷ 10 ಸಾವಿರ. ಹೀಗಾಗಿ ಮೊದಲ ಕಂತು ಕಟ್ಟುವ ದಿನ ನಿಮ್ಮ ಮಗನ ತಲೆಯ ಮೇಲೆ 8 ಲಕ್ಷ 10 ಸಾವಿರ ರೂಪಾಯಿ ಸಾಲವಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂಪಾಯಿ ಕಂತು ಬೀಳುತ್ತದೆ, ಕೊನೆಗೆ ಕಟ್ಟಿದ ಮೊತ್ತ ಹತ್ತಿರಹತ್ತಿರ 12 ಲಕ್ಷ 85 ಸಾವಿರವಾಗುತ್ತದೆ.

ಈ 10,700 ಎಂಬ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಇ ಮುಗಿಸಿದ ಹುಡುಗನ ಸಂಬಳ, ಅದೇ ವಯಸ್ಸಿನ ಡಿಪ್ಲೊಮಾ ಅಥವಾ ಐಟಿಐ ಹುಡುಗನ ಸಂಬಳಕ್ಕಿಂತ ತಿಂಗಳಿಗೆ ಕನಿಷ್ಠ ಇಷ್ಟು ಹೆಚ್ಚಿದ್ದರೆ ಮಾತ್ರ ಇಬ್ಬರ ಕೈಗೂ ಸಮನಾದ ಹಣ ಸಿಗುತ್ತದೆ. ಪದವಿಯ ಲಾಭ ಆರಂಭವಾಗುವುದು ಅದಕ್ಕಿಂತ ಮೇಲೆ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಆರಂಭಿಕ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ನಡುವೆಯೇ ಸುತ್ತುತ್ತಿದೆ, ಆದರೆ ಆ ಅವಧಿಯಲ್ಲಿ ಕಾಲೇಜು ಶುಲ್ಕವೂ ಬೆಂಗಳೂರಿನ ಪಿಜಿ ಬಾಡಿಗೆಯೂ ನಿಂತಲ್ಲಿ ನಿಂತಿಲ್ಲ. ಅಂಥ ಕಂಪನಿಗೆ ಆಯ್ಕೆಯಾಗುವುದೇ ದೊಡ್ಡದು ಎನ್ನುವಂಥ ಕಾಲೇಜುಗಳು ನಮ್ಮಲ್ಲಿ ಬಹಳ ಇವೆ. ಅಲ್ಲಿಂದ ಹೊರಬಂದ ಹುಡುಗ ತಿಂಗಳಿಗೆ ಇಪ್ಪತ್ತು ಸಾವಿರದ ಕೆಲಸಕ್ಕೆ ಸೇರಿ, ಅರ್ಧವನ್ನು ಬ್ಯಾಂಕಿಗೆ ಕಟ್ಟಿ, ಉಳಿದರ್ಧದಲ್ಲಿ ಊಟ, ಬಾಡಿಗೆ, ಬಸ್ಸು ನೋಡಿಕೊಂಡು, ಊರಿಗೆ ಬರುವಾಗ ತಂದೆಯ ಹತ್ತಿರವೇ ಹಣ ಕೇಳುವುದನ್ನು ನಾನು ಕಂಡಿದ್ದೇನೆ. ಅವನದೇನೂ ತಪ್ಪಿರಲಿಲ್ಲ. ಲೆಕ್ಕ ಮೊದಲೇ ತಪ್ಪಿತ್ತು.

ಹಾಗೆಂದು ನಿಮ್ಮ ಭಾವಮೈದುನರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಹದಿನೈದು ವರ್ಷ ಸೇವೆಯಾದ ತಮ್ಮ ಸಂಬಳವನ್ನು ಅವರು ಮೊನ್ನೆ ಸೇರಿದ ಹುಡುಗನ ಸಂಬಳದ ಜೊತೆ ತೂಗುತ್ತಿದ್ದಾರೆ. ಒಂದೇ ವಯಸ್ಸಿನವರನ್ನು, ಅದರಲ್ಲೂ ನಲವತ್ತೈದು ದಾಟಿದವರನ್ನು, ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಐಟಿಐ ಮಾಡಿದವನು ಬೇಗ ಗಳಿಸಲು ತೊಡಗುತ್ತಾನೆ, ಆದರೆ ಸೂಪರ್‌ವೈಸರ್ ಹಂತದ ಹತ್ತಿರ ಬಂದಾಗ ಅವನ ಏರಿಕೆ ನಿಧಾನವಾಗುತ್ತದೆ. ಮೇಲಿನ ಹುದ್ದೆಗಳಿಗೆ ಡಿಪ್ಲೊಮಾ ಅಥವಾ ಪದವಿ ಕೇಳುತ್ತಾರೆ. ಐವತ್ತರ ಹೊತ್ತಿಗೆ ವೆಲ್ಡರ್‌ನ ಕಣ್ಣು, ಫಿಟ್ಟರ್‌ನ ಸೊಂಟ ಮೊದಲಿನಂತೆ ಇರುವುದಿಲ್ಲ. ಅವರ ಕಾಲದ ಕಾಯಂ ನೌಕರಿ ಈಗ ಅಷ್ಟು ಸುಲಭವಾಗಿ ಸಿಗುವುದೂ ಇಲ್ಲ. ಈಗಿನ ಹುಡುಗರು ಮೊದಲು ಅಪ್ರೆಂಟಿಸ್ ಆಗಿ, ಆಮೇಲೆ ಗುತ್ತಿಗೆಯಲ್ಲಿ, ಆಮೇಲೆ ಅದೃಷ್ಟವಿದ್ದರೆ ಕಾಯಂ ಆಗುತ್ತಾರೆ. 2019ರ ಅಪ್ರೆಂಟಿಸ್‌ಶಿಪ್ ತಿದ್ದುಪಡಿ ನಿಯಮಗಳಲ್ಲಿ ನಿಗದಿಪಡಿಸಿದ ಕನಿಷ್ಠ ಮಾಸಿಕ ಶಿಷ್ಯವೇತನವೇ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ. ಎಷ್ಟೋ ಕಂಪನಿಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ಆದರೂ ಮೊದಲ ವರ್ಷದ ಗಳಿಕೆಯನ್ನು ಬಹಳ ದೊಡ್ಡದೆಂದು ಎಣಿಸಬೇಡಿ.

ಮೂರು ಓದುಗಳ ಬೆಲೆಯನ್ನು ಒಂದೇ ಕಡೆ ಅಳೆದು ನೋಡಬೇಕೆಂದರೆ ನಾನು ಇಸ್ರೋದ ನೇಮಕಾತಿ ಪ್ರಕಟಣೆಗಳನ್ನು ತೋರಿಸುತ್ತೇನೆ. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ ಆದವರು ಸೇರುವ ಟೆಕ್ನಿಷಿಯನ್-ಬಿ ಹುದ್ದೆಯ ಆರಂಭಿಕ ಮೂಲವೇತನ 21,700 ರೂಪಾಯಿ. ಪ್ರಥಮ ದರ್ಜೆಯ ಡಿಪ್ಲೊಮಾ ಕೇಳುವ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಯದು 44,900. ಬಿಇಯಲ್ಲಿ ಶೇ 65 ಅಂಕ ಕೇಳುವ ವಿಜ್ಞಾನಿ-ಎಂಜಿನಿಯರ್ ‘ಎಸ್‌ಸಿ’ ಹುದ್ದೆಯದು 56,100. ಐಟಿಐಯಿಂದ ಡಿಪ್ಲೊಮಾಕ್ಕೆ ಏರಿದಾಗ ಮೂಲವೇತನ ಇಮ್ಮಡಿಯನ್ನೂ ಮೀರುತ್ತದೆ. ಡಿಪ್ಲೊಮಾದಿಂದ ಬಿಇಗೆ ಏರಿದಾಗ ಹೆಚ್ಚುವುದು 11,200 ರೂಪಾಯಿ. ಇಂಥ ಹುದ್ದೆಗಳು ಕೆಲವೇ ಕೆಲವು ಎಂಬುದು ನಿಜ, ಬಿಇ ಆದವರಿಗೆ ಮುಂದಿನ ಬಡ್ತಿಗಳು ದೊಡ್ಡವು ಎಂಬುದೂ ನಿಜ. ಆದರೂ ಎರಡು ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ ಎಂಬುದನ್ನು ಗಮನಿಸಿ. ರೈಲ್ವೆಯಲ್ಲೂ ಹೀಗೆಯೇ. ಟೆಕ್ನಿಷಿಯನ್ ಗ್ರೇಡ್-3 ಮತ್ತು ಸಹಾಯಕ ಲೋಕೊ ಪೈಲಟ್ ಹುದ್ದೆಗಳು 19,900ರಿಂದ ಆರಂಭವಾದರೆ, ಡಿಪ್ಲೊಮಾ ಸಾಕೆನ್ನುವ ಜೂನಿಯರ್ ಎಂಜಿನಿಯರ್ ಹುದ್ದೆ 35,400ರಿಂದ ಆರಂಭವಾಗುತ್ತದೆ, ಮತ್ತು ಅದಕ್ಕೆ ಬಿಇ ಮುಗಿಸಿದ ಹುಡುಗರೂ ಸಾಲುಗಟ್ಟಿ ಅರ್ಜಿ ಹಾಕುತ್ತಾರೆ.

ಆದ್ದರಿಂದ ನಿಮ್ಮ ಮಗನಿಗೆ ನಾನು ಹೇಳುವುದು ಸರ್ಕಾರಿ ಪಾಲಿಟೆಕ್ನಿಕ್. ಪಿಯು ವಿಜ್ಞಾನ ಓದಿರುವುದರಿಂದ ಅವನಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಪಿಯುವಿನ ಎರಡು ವರ್ಷ ಪೂರ್ತಿ ವ್ಯರ್ಥವಾಗುವುದಿಲ್ಲ. ಶುಲ್ಕ ವರ್ಷಕ್ಕೆ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಎರಡು ವರ್ಷದಲ್ಲಿ ಡಿಪ್ಲೊಮಾ ಕೈಗೆ ಬಂದಾಗ ಅವನಿಗೆ ಇಪ್ಪತ್ತು ವರ್ಷ. ಆಗ ಕೆಲಸಕ್ಕೆ ಸೇರಬಹುದು. ಇಲ್ಲವೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಬಿಇಯ ಎರಡನೆಯ ವರ್ಷಕ್ಕೆ ಸೇರಿ ಮೂರು ವರ್ಷದಲ್ಲಿ ಪದವಿ ಪಡೆಯಬಹುದು. ನೇರ ಬಿಇಗಿಂತ ಒಂದೇ ವರ್ಷ ಹೆಚ್ಚು. ಆ ಒಂದು ವರ್ಷಕ್ಕೆ ಪ್ರತಿಯಾಗಿ ನಡುವೆ ನಿಲ್ಲಲು ಒಂದು ಮೆಟ್ಟಿಲು ಸಿಗುತ್ತದೆ, ಸಾಲ ಕಡಿಮೆಯಾಗುತ್ತದೆ, ಡಿಸಿಇಟಿಯಲ್ಲಿ ಚೆನ್ನಾಗಿ ಮಾಡಿದರೆ ಈಗ ಸಿಗದ ಒಳ್ಳೆಯ ಕಾಲೇಜೂ ಸಿಗಬಹುದು. ನಿಮ್ಮ ಶ್ರೀಮತಿಯವರ ಆಸೆಯ ಬಾಗಿಲು ಮುಚ್ಚುವುದಿಲ್ಲ ಎಂದು ಅವರಿಗೆ ದಯವಿಟ್ಟು ತಿಳಿಸಿ.

ಒಂದು ವೇಳೆ ಸೀಟು ಹಂಚಿಕೆಯ ಕೊನೆಯ ಸುತ್ತಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೊಂದು ಸಿಕ್ಕಿಬಿಟ್ಟರೆ ಹಿಂದೆಮುಂದೆ ನೋಡದೆ ಸೇರಿಸಿ, ಏಕೆಂದರೆ ಮೇಲಿನ ಲೆಕ್ಕ ಕೆಡುವುದು ಆರು ಲಕ್ಷದ ಸಾಲದಿಂದಲೇ ಹೊರತು ಪದವಿಯಿಂದ ಅಲ್ಲ. ಆ ಖಾಸಗಿ ಕಾಲೇಜಿಗೇ ಸೇರಿಸುವುದೆಂದು ನಿಶ್ಚಯಿಸಿದರೆ ಒಂದು ವಿಷಯವನ್ನು ವಿಚಾರಿಸಿಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಓದಿನ ಅವಧಿಯ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ, ಆದರೆ ಗುಣಮಟ್ಟ ಅಳೆದು ಕೊಡುವ ಮಾನ್ಯತೆ, ಅಂದರೆ ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಪ್ರವೇಶದ ಹಣ ಕಟ್ಟುವ ಮೊದಲು ಬ್ಯಾಂಕಿಗೆ ಹೋಗಿ ಇದನ್ನು ಖಚಿತಪಡಿಸಿಕೊಂಡರೆ ಎರಡು ಲಕ್ಷದಷ್ಟು ಹೊರೆ ಇಳಿಯಬಹುದು.

ಪ್ರಶ್ನೆ: ನನಗೆ 24 ವರ್ಷ. ಐಟಿಐ ಫಿಟ್ಟರ್ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಈಗ ಸಂಬಳ 19,000. ಕೆಲಸ ಬಿಟ್ಟು ಡಿಪ್ಲೊಮಾ ಮಾಡಿದರೆ ಲಾಭವಿದೆಯೇ?
— ಬೆಂಗಳೂರಿನ ಓದುಗರು

ಉತ್ತರ: ಐಟಿಐ ಆದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಪ್ರವೇಶವಿರುವುದರಿಂದ ನಿಮಗೆ ಬೇಕಾಗುವುದು ಎರಡು ವರ್ಷ. ನಿಜವಾದ ಖರ್ಚು ಕಾಲೇಜಿನ ಶುಲ್ಕವಲ್ಲ, ಬಿಟ್ಟುಕೊಡುವ ಸಂಬಳ: 19,000 ರೂಪಾಯಿಯಂತೆ 24 ತಿಂಗಳಿಗೆ 4 ಲಕ್ಷ 56 ಸಾವಿರ. ಡಿಪ್ಲೊಮಾ ಆದ ಮೇಲೆ ಈಗಿನದಕ್ಕಿಂತ ತಿಂಗಳಿಗೆ 8,000 ಹೆಚ್ಚು ಸಿಗುತ್ತದೆಂದರೆ ಆ ಹಣ ಮರಳಲು 57 ತಿಂಗಳು ಬೇಕು. ಅಲ್ಲಿಗೆ ನಿಮಗೆ ಮೂವತ್ತೊಂದರ ಹತ್ತಿರ. ಆಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚಿನ ದುಡಿಮೆ ಬಾಕಿ ಇರುವುದರಿಂದ ಇದು ನಷ್ಟದ ವ್ಯವಹಾರವಲ್ಲ. ಮನೆಯಲ್ಲಿ ನಿಮ್ಮ ಸಂಬಳವನ್ನೇ ನಂಬಿದವರು ಇಲ್ಲವೆಂದಾದರೆ, ಮದುವೆಗೂ ಮೊದಲೇ, ಈಗಲೇ ಮಾಡುವುದು ಒಳ್ಳೆಯದು.

ಆದರೆ ಕೆಲಸ ಬಿಡದೆ ಓದಲು ಸಾಧ್ಯವೇ ಎಂದು ಮೊದಲು ನೋಡಿ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆಯಾದ ಎಐಸಿಟಿಇ 2023-24ರಿಂದ ಕೆಲಸದಲ್ಲಿರುವವರಿಗಾಗಿ, ಅವರ ವೇಳೆಗೆ ಹೊಂದುವಂತೆ, ಡಿಪ್ಲೊಮಾ ಮತ್ತು ಪದವಿ ತರಗತಿಗಳನ್ನು ನಡೆಸಲು ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ಕನಿಷ್ಠ ಒಂದು ವರ್ಷದ ಅನುಭವ ಕೇಳುತ್ತಾರೆ, ಅದು ನಿಮಗಿದೆ. ಪೀಣ್ಯದ ಸುತ್ತಮುತ್ತ ಯಾವ ಕಾಲೇಜಿಗೆ ಈ ಅನುಮತಿ ಸಿಕ್ಕಿದೆ ಎಂದು ವಿಚಾರಿಸಿ. ರಾತ್ರಿ ಪಾಳಿ ಇರುವವರಿಗೆ ಇದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಾಳಿ ಮುಗಿಸಿ ಬೆಳಿಗ್ಗೆ ಆರಕ್ಕೆ ಬಂದು ಹತ್ತರ ತರಗತಿಯಲ್ಲಿ ಕುಳಿತವನು, ಎಂಜಿನಿಯರಿಂಗ್ ಡ್ರಾಯಿಂಗ್ ಹಾಳೆಯ ಮೇಲೆಯೇ ತಲೆಯಿಟ್ಟು ನಿದ್ದೆಹೋಗುತ್ತಿದ್ದನಂತೆ. ಸೂಪರ್‌ವೈಸರ್‌ಗೆ ಹೇಳಿ ಒಂದು ವರ್ಷದ ಮಟ್ಟಿಗೆ ಹಗಲು ಪಾಳಿ ಕೇಳಿಕೊಳ್ಳಿ.

ಇದರ ನಡುವೆ, ಈಗಿರುವ ಕಾರ್ಖಾನೆಯಲ್ಲೇ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಸೆಟ್ಟಿಂಗ್ ಮತ್ತು ಪ್ರೋಗ್ರಾಮಿಂಗ್ ಕಲಿಯಿರಿ. ಬಟನ್ ಒತ್ತಿ ಬಿಡಿಭಾಗ ಇಳಿಸುವ ಆಪರೇಟರ್‌ಗೂ, ಹೊಸ ಡ್ರಾಯಿಂಗ್ ಕೊಟ್ಟಾಗ ಟೂಲ್ ಆಫ್‌ಸೆಟ್ ಕೊಟ್ಟು ಮೊದಲ ಬಿಡಿಭಾಗವನ್ನೇ ಅಳತೆಗೆ ತರುವ ಸೆಟ್ಟರ್‌ಗೂ ಸಂಬಳದಲ್ಲಿ ವ್ಯತ್ಯಾಸವಿದೆ, ಮತ್ತು ಆ ಕಲಿಕೆಗೆ ಎರಡು ವರ್ಷ ಸಂಬಳ ಬಿಡಬೇಕಿಲ್ಲ.

ಪ್ರಶ್ನೆ: ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶೇ 78 ತೆಗೆದಿದ್ದಾಳೆ. ಎಲೆಕ್ಟ್ರಾನಿಕ್ಸ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಹೆಣ್ಣುಮಗಳಿಗೆ ಕಾರ್ಖಾನೆ ಕೆಲಸ ಬೇಡ, ಬಿಕಾಂ ಮಾಡಿಸು, ಸಂಬಂಧ ಕುದುರುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?
— ಚಿತ್ರದುರ್ಗ ಜಿಲ್ಲೆಯ ತಾಯಿ

ಉತ್ತರ: ತಾಯಿ, ಮಗಳ ಪರವಾಗಿ ನಿಲ್ಲಿ. ಬಿಕಾಂ ಎಂದರೆ ಪಿಯು ಸೇರಿ ಐದು ವರ್ಷ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮೂರು ವರ್ಷ. ಬರೀ ಪದವಿಯಿಂದ ಕೆಲಸ ಸಿಗುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲವಾಗಿದೆ ಎಂಬುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯನ್ನು ನೋಡಿ: 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದುಬರಹ ಬಾರದ ಯುವಜನರಲ್ಲಿ ಶೇ 3.4. ಓದದಿರುವುದೇ ಮೇಲು ಎಂಬುದು ಇದರ ಅರ್ಥ ಖಂಡಿತ ಅಲ್ಲ. ಬಡವರ ಮಕ್ಕಳಿಗೆ ಕೆಲಸವಿಲ್ಲದೆ ಮನೆಯಲ್ಲಿ ಕೂರುವ ಅನುಕೂಲವೇ ಇರುವುದಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾರೆ. ಆದರೆ ಕೈಯಲ್ಲಿ ಒಂದು ಕೆಲಸವಿಲ್ಲದ ಪದವಿ ಮದುವೆಯ ಮಾತುಕತೆಗೆ ಬಿಟ್ಟರೆ ಬೇರೆಲ್ಲಿಯೂ ಬೆಲೆ ಬಾಳದಂತಾಗುತ್ತಿದೆ, ಅದು ನನಗೆ ನೋವಿನ ಸಂಗತಿ.

ಶೇ 78 ಬಂದಿರುವುದರಿಂದ ಐಟಿಐಗಿಂತ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿ. ಹುಬ್ಬಳ್ಳಿ, ಮಂಗಳೂರಿನಂಥ ಕಡೆ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳೇ ಇವೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಗಿ ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿರುವ ಜಿಟಿಟಿಸಿಯನ್ನೂ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ವಿಚಾರಿಸಿ. ಅಲ್ಲಿನ ಡಿಪ್ಲೊಮಾಗಳಲ್ಲಿ ಮೂರು ವರ್ಷ ಓದಿದ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ ಇರುತ್ತದೆ, ಮತ್ತು ಕೆಲಸ ಕೊಡುವವರು ಆ ಒಂದು ವರ್ಷಕ್ಕೆ ಬೆಲೆ ಕಟ್ಟುತ್ತಾರೆ.

ಕಾರ್ಖಾನೆ ಹೆಣ್ಣುಮಕ್ಕಳ ಜಾಗವಲ್ಲ ಎನ್ನುವ ಹಿರಿಯರನ್ನು ಕೋಲಾರದ ನರಸಾಪುರದ ಮೊಬೈಲ್ ಕಾರ್ಖಾನೆಯ ಬಸ್ಸುಗಳು ನಿಲ್ಲುವ ಕಡೆ ಒಮ್ಮೆ ಕರೆದುಕೊಂಡು ಹೋಗಿ. ಇಳಿಯುವವರಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ ಎಂದು ಅವರೇ ಎಣಿಸಲಿ. ಆದರೆ ಮಗಳು ಮುಂದೆ ಯಾವ ಕೆಲಸಕ್ಕೆ ಸೇರಿದರೂ, ನೇಮಕ ಮಾಡುವವರು ಕಂಪನಿಯೋ ಗುತ್ತಿಗೆದಾರರೋ ಎಂದು ಕೇಳಲು ಈಗಲೇ ಹೇಳಿಕೊಡಿ. ಸಂಬಳದ ಚೀಟಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೆಳಗಿನ ಮೊತ್ತವಲ್ಲ, ಕಡಿತದ ಸಾಲುಗಳು. 15,000 ರೂಪಾಯಿ ಮೂಲವೇತನಕ್ಕೆ ಶೇ 12ರಂತೆ 1,800 ರೂಪಾಯಿ ಪಿಎಫ್ ಹೋಗಬೇಕು, ಅಷ್ಟನ್ನೇ ಮಾಲೀಕರೂ ಹಾಕಬೇಕು. ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಇರಬೇಕು: ನೌಕರರಿಂದ ಶೇ 0.75, ಮಾಲೀಕರಿಂದ ಶೇ 3.25. 18,000 ಸಂಬಳಕ್ಕೆ ಅವಳು ಕಟ್ಟುವುದು 135 ರೂಪಾಯಿ. ಅಷ್ಟಕ್ಕೆ ಅವಳಿಗೂ, ಅವಳನ್ನು ಅವಲಂಬಿಸಿದ್ದರೆ ನಿಮಗೂ, ಆಸ್ಪತ್ರೆಯ ಆಸರೆ ಸಿಗುತ್ತದೆ. ಈ ಸಾಲುಗಳಿಲ್ಲದ 20,000ಕ್ಕಿಂತ ಇವುಗಳಿರುವ 17,000ವೇ ಹೆಚ್ಚಿನ ಸಂಬಳ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಕೊನೆಯ ದಿನದ ತರಗತಿಯಲ್ಲಿ ಹೇಳುತ್ತಿದ್ದೆ.

ಪ್ರಶ್ನೆ: ನಮ್ಮ ಊರಿನ ಹತ್ತಿರದ ಖಾಸಗಿ ಐಟಿಐಯವರು ‘ನೂರಕ್ಕೆ ನೂರು ಉದ್ಯೋಗ’ ಎಂದು ಫಲಕ ಹಾಕಿದ್ದಾರೆ. ತಮ್ಮನನ್ನು ಸೇರಿಸಬಹುದೇ?
— ಕಲಬುರಗಿ ಜಿಲ್ಲೆಯ ಓದುಗರು

ಉತ್ತರ: ಫಲಕವನ್ನು ಬಿಡಿ, ಕಾರ್ಯಾಗಾರದೊಳಗೆ ಹೋಗಲು ಬಿಡುತ್ತಾರೆಯೇ ಎಂದು ಕೇಳಿ. ಒಳಗೆ ಹೋದರೆ ಲೇತ್ ಯಂತ್ರಗಳ ಕೆಳಗಿನ ತಟ್ಟೆಯನ್ನು ನೋಡಿ. ಅಲ್ಲಿ ಕಬ್ಬಿಣದ ಸುರುಳಿ ಚೂರುಗಳು ಬಿದ್ದಿದ್ದರೆ, ಕೂಲೆಂಟ್ ವಾಸನೆ ಮೂಗಿಗೆ ಬಂದರೆ ಯಂತ್ರ ಓಡುತ್ತಿದೆ ಎಂದರ್ಥ. ತಟ್ಟೆಯಲ್ಲಿ ದೂಳಿದ್ದರೆ ಅಲ್ಲಿ ಯಾರೂ ಕಲಿಯುತ್ತಿಲ್ಲ. ಎರಡನೆಯ ವರ್ಷದ ಹುಡುಗನೊಬ್ಬ ಅರದಿಂದ ಉಜ್ಜಿ ಮಾಡಿದ ಜಾಬ್, ಅಂದರೆ ಅಭ್ಯಾಸದ ಕಬ್ಬಿಣದ ತುಂಡು, ತೋರಿಸಲು ಹೇಳಿ. ಅದರ ಮೇಲೆ ಟ್ರೈ ಸ್ಕ್ವೇರ್ (ಲಂಬಕೋನ ನೋಡುವ ಮಟ್ಟಗೋಲು) ಇಟ್ಟು ಕಿಟಕಿಯ ಕಡೆ ಹಿಡಿದಾಗ ಸಂದಿನಲ್ಲಿ ಬೆಳಕು ಕಂಡರೆ ಕಲಿಸಿದವರು ಅರೆಮನಸ್ಸಿನಿಂದ ಕಲಿಸಿದ್ದಾರೆ.

ಆ ಸಂಸ್ಥೆಗೂ ನಿಮ್ಮ ತಮ್ಮ ಸೇರುವ ಟ್ರೇಡಿಗೂ (ಕಸುಬಿನ ವಿಭಾಗಕ್ಕೂ) ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿವಿಟಿ ಮಾನ್ಯತೆ ಇದೆಯೇ ಎಂದು ಬೇರೆಬೇರೆಯಾಗಿ ವಿಚಾರಿಸಿ. ಸಂಸ್ಥೆಗೆ ಮಾನ್ಯತೆಯಿದ್ದು, ಹೊಸದಾಗಿ ಆರಂಭಿಸಿದ ಟ್ರೇಡಿಗೆ ಇಲ್ಲದಿರುವುದುಂಟು. ಆ ಮಾನ್ಯತೆಯಿಂದ ಸಿಗುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಇಲ್ಲದಿದ್ದರೆ ಇಸ್ರೋದಂಥ ಕಡೆಯ ಅರ್ಜಿಯಲ್ಲಿ ಆ ಓದು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕಿಂತ ಮೊದಲು ಸರ್ಕಾರಿ ಐಟಿಐಯನ್ನೇ ನೋಡುವುದು ಒಳ್ಳೆಯದು: ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಗಿದೆ, ಶುಲ್ಕವೂ ಖಾಸಗಿಗಿಂತ ಬಹಳ ಕಡಿಮೆ. ಅಲ್ಲಿ ಎಲೆಕ್ಟ್ರಿಷಿಯನ್ ಸೀಟು ಸಿಕ್ಕರೆ ಕಳೆದುಕೊಳ್ಳಬೇಡಿ. ಕಾರ್ಖಾನೆಯ ಕೆಲಸ ಸಿಗದಿದ್ದರೂ, ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಪಡೆದು ಊರಲ್ಲೇ ಮನೆಗಳ ವೈರಿಂಗ್, ಪಂಪ್‌ಸೆಟ್ ಕೆಲಸ ಹಿಡಿಯಬಹುದು. ಪ್ರವೇಶದ ವೇಳೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತವೆ. ನಾಡಕಚೇರಿಯಲ್ಲಿ ಅವುಗಳಿಗೆ ಈಗಲೇ ಅರ್ಜಿ ಕೊಟ್ಟಿರಿ.